ಅತ್ತೆಯ ಪರೀಕ್ಷೆ, ಅಡ್ರೆಸ್ಸಿನ ಬರ

ನಮ್ಮ ಆಫೀಸಿನಲ್ಲಿ ಸರ್ವರ್ ಇಟ್ಟಿರುವ ಕೋಣೆ ಒಂದು ಕಾಲದಲ್ಲಿ ಬಚ್ಚಲುಮನೆಯಾಗಿತ್ತು. ಗೋಡೆಯಲ್ಲಿ ನಲ್ಲಿ ಇನ್ನೂ ಇದೆ, ಅದರ ಕೆಳಗೆ ಒಂದು ಬಕೆಟ್ಟೂ ಇದೆ. ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ನಡೆಸುವ ಆಫೀಸಿಗೆ ಇದಕ್ಕಿಂತ ಹೆಚ್ಚಿನ ವೈಭೋಗ ಏಕೆ ಎಂದು ಮೇಲಿನವರು ತೀರ್ಮಾನಿಸಿದ್ದಾರೆ. ಆ ಕೋಣೆಗೆ ನಾನೇ ಒಡತಿ. ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅದು ಸರಿಯಿದ್ದಾಗ ನನ್ನನ್ನು ಯಾರೂ ನೋಡುವುದಿಲ್ಲ, ಕೆಟ್ಟಾಗ ಎಲ್ಲರೂ ನನ್ನನ್ನೇ ನೋಡುತ್ತಾರೆ.

ಆ ದಿನ ಎಲ್ಲರೂ ನೋಡುತ್ತಿದ್ದರು. ಅದರಲ್ಲೂ ಒಬ್ಬರು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಪರೀಕ್ಷೆಗೆ ಬಂದವರು ಕಾಯುವ ಹಾಲಿನಲ್ಲಿ, ಮೊದಲ ಬೆಂಚಿನ ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅವರು ನನ್ನ ಅತ್ತೆ, ನನ್ನ ಗಂಡನ ತಾಯಿ.

ಅತ್ತೆಗೆ ಈ ಪರೀಕ್ಷೆ ಯಾಕೆ ಬೇಕಿತ್ತು ಎಂದು ಹೇಳಿಬಿಡುತ್ತೇನೆ. ಮಾವನವರು ಒಳ್ಳೆಯವರು, ಕಾರಿನ ಬೀಗದ ಕೈ ಅವರ ಕೈಯಲ್ಲಿ ಇಲ್ಲದಿರುವಾಗ. ಅದು ಕೈಗೆ ಬಂತೆಂದರೆ ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು, ಎಷ್ಟು ಹೊತ್ತು ಕೂರಬೇಕು ಎಲ್ಲವೂ ಅವರದೇ. ಅತ್ತೆಯ ತಂಗಿಯ ಮನೆ ಬಸ್ಸು ಹೋಗದ ಕಡೆ ಇದೆ. ಅಲ್ಲಿ ಅಕ್ಕತಂಗಿಯರು ಕೂತು ಮಾತು ಶುರುವಿಟ್ಟುಕೊಂಡರೆ ಸಾಕು, ಮಾವನವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅತ್ತೆ ಅರ್ಧ ಲೋಟ ಚಹಾ ಬಿಟ್ಟು ಎದ್ದು ಬರುತ್ತಾರೆ. ತಂಗಿಯ ಮಗಳ ಹೆರಿಗೆಯ ಕಥೆಯನ್ನು ಹೀಗೆ ಕಂತಿನಲ್ಲಿ ಕೇಳಿ ಮುಗಿಸುವಷ್ಟರಲ್ಲಿ ಆ ಮಗುವಿಗೆ ಹಲ್ಲು ಬಂದು ಎರಡು ಬಿದ್ದೂ ಹೋಗಿದ್ದವು.

ಕೊನೆಗೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅತ್ತೆ, "ನಾನೇ ಕಾರು ಕಲೀತೀನಿ" ಅಂದರು. ಮಾವನವರು ನಗುತ್ತಾ ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ಕೆಮ್ಮುತ್ತಾ ಮಾತು ಕೊಟ್ಟರು. ಕಲಿಯುವವರ ಲೈಸೆನ್ಸಿಗೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ ಪಾಸಾದರೆ ಬೀಗದ ಕೈ ಅತ್ತೆಗೆ. ಅರ್ಜಿಯ ಅವಧಿ ಮುಗಿಯುವುದರೊಳಗೆ ಪಾಸಾಗದಿದ್ದರೆ ಈ ಮನೆಯಲ್ಲಿ ಡ್ರೈವಿಂಗ್ ಎಂಬ ಮಾತನ್ನೇ ಎತ್ತಬಾರದು. ಅತ್ತೆ ಸ್ವಾಭಿಮಾನಿ, ಒಪ್ಪಿಕೊಂಡರು. ಮೊದಲ ಸಲ ಫೇಲಾದರು. ಎರಡನೇ ಸಲ ಪರೀಕ್ಷೆಯೇ ನಡೆಯಲಿಲ್ಲ, ಅವರದೂ ಇನ್ನೂ ಹಲವರದೂ ಕಂಪ್ಯೂಟರು ಕೈಕೊಟ್ಟಿತ್ತು. ಈಗ ಅರ್ಜಿಯ ಅವಧಿಗೆ ಇದೇ ಕೊನೆಯ ದಿನ.

ಅಂಥ ದಿನವೇ ಸರ್ವರು ಮುನಿಸಿಕೊಳ್ಳಬೇಕೆ!

ನಮ್ಮ ಪರೀಕ್ಷಾ ಕೋಣೆಯ ಕಂಪ್ಯೂಟರುಗಳು ಬೆಳಿಗ್ಗೆ ಎದ್ದ ಕೂಡಲೇ ಸರ್ವರಿನ ಹತ್ತಿರ 'ನನಗೊಂದು ಅಡ್ರೆಸ್ಸು ಕೊಡು' ಎಂದು ಕೇಳುತ್ತವೆ. ಸರ್ವರು ತನ್ನ ಬಳಿ ಇರುವ ನೂರು ನಂಬರುಗಳಲ್ಲಿ ಒಂದನ್ನು ಎತ್ತಿ ಕೊಡುತ್ತದೆ. ಐಪಿ ಅಡ್ರೆಸ್ಸು ಎನ್ನುವುದು ಅದನ್ನೇ. ಅದು ಸಿಕ್ಕರೆ ಪ್ರಶ್ನೆಪತ್ರಿಕೆ ಬರುತ್ತದೆ. ಸಿಗದಿದ್ದರೆ ಕಂಪ್ಯೂಟರು ತಾನೇ ಒಂದು ಖೊಟ್ಟಿ ನಂಬರು ಹಚ್ಚಿಕೊಂಡು, ಯಾರ ಜೊತೆಗೂ ಮಾತಾಡದೆ, ಮದುವೆಗೆ ಕರೆಯದ ನೆಂಟನ ಹಾಗೆ ಮುಖ ಊದಿಸಿಕೊಂಡು ಕೂರುತ್ತದೆ. ಆ ದಿನ ನಾನು ಹೋಗಿ ನೋಡಿದರೆ ಕೋಣೆಯ ತುಂಬ ಊದಿದ ಮುಖಗಳೇ.

"ಬಂತಾ?" ಅಂದರು ಸಾಹೇಬರು ನನ್ನ ಕತ್ತಿನ ಹಿಂದಿನಿಂದ.

ಸಾಹೇಬರು ನಮ್ಮ ಆಫೀಸಿನ ಮುಖ್ಯಸ್ಥರು. ಏನಾದರೂ ಕೆಟ್ಟರೆ ಅವರು ಮಾಡುವ ಸಹಾಯ ಇದೊಂದೇ, ಹಿಂದೆ ನಿಂತು ಬಂತಾ ಎಂದು ಕೇಳುವುದು. ಪರೀಕ್ಷೆಯ ಕಂಪ್ಯೂಟರುಗಳಿಗೂ ಹಾಲಿನಲ್ಲಿ ಕೂತ ಜನರ ವೈಫೈಗೂ ಬೇರೆ ಬೇರೆ ನೆಟ್‌ವರ್ಕ್ ಇರಲಿ ಎಂದು ನಾನು ಹಿಂದೆಯೇ ಬೇಡಿಕೊಂಡಿದ್ದೆ. "ಒಂದೇ ಸಾಕಮ್ಮ, ನಾವೆಲ್ಲ ಒಂದೇ ಕುಟುಂಬ ಅಲ್ವಾ" ಅಂದಿದ್ದರು. ಕುಟುಂಬ ಅಂದಮೇಲೆ ಜಗಳ ಇದ್ದೇ ಇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

"ಇನ್ನೂ ಇಲ್ಲ ಸಾರ್."

"ಆಫ್ ಮಾಡಿ ಆನ್ ಮಾಡಿದ್ಯಾ?"

"ಮಾಡಿದೆ ಸಾರ್."

"ಇನ್ನೊಂದ್ಸಲ ಮಾಡು. ಹನ್ನೆರಡು ಗಂಟೆ ಒಳಗೆ ಬರ್ಲಿಲ್ಲ ಅಂದ್ರೆ ಇವತ್ತಿನ ಪರೀಕ್ಷೆ ರದ್ದು ಅಂತ ಬೋರ್ಡ್ ಹಾಕ್ಸ್ತೀನಿ."

ನಾನು ಬಚ್ಚಲಿಗೆ, ಅಂದರೆ ಸರ್ವರ್ ಕೋಣೆಗೆ ಓಡಿದೆ. ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದೆ. ಎಲ್ಲವೂ ಸರಿ. ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಹಸಿರು ದೀಪಗಳು ಮಿಣಮಿಣ ಅನ್ನುತ್ತಿದ್ದವು. ಸರ್ವರಿನ ಪರದೆ ತೆರೆದೆ. ಅಲ್ಲಿ ರೋಗ ಕಾಣಿಸಿತು, ಆದರೆ ರೋಗಕ್ಕೆ ಕಾರಣ ಕಾಣಿಸಲಿಲ್ಲ. ನೂರಕ್ಕೆ ನೂರು ಅಡ್ರೆಸ್ಸೂ ಖರ್ಚಾಗಿ ಹೋಗಿದ್ದವು. ಒಮ್ಮೆ ಕೊಟ್ಟ ಅಡ್ರೆಸ್ಸು ಆ ದಿನವೆಲ್ಲ ತೆಗೆದುಕೊಂಡವರ ಹೆಸರಿನಲ್ಲೇ ಇರುತ್ತದೆ. ಹಾಲಿನಲ್ಲಿ ಇದ್ದವರು ಇಪ್ಪತ್ತು ಚಿಲ್ಲರೆ ಜನ. ವೈಫೈಯಲ್ಲಿ ಅವರ ಫೋನುಗಳೆಲ್ಲ ಒಂದೊಂದು ನುಂಗಿದರೂ ಮುಕ್ಕಾಲು ಪಾಲು ಉಳಿಯಬೇಕಿತ್ತು.

ನಂಬರುಗಳ ಸಂಖ್ಯೆ ಹೆಚ್ಚಿಸೋಣ ಎಂದರೆ ಅದರ ಪಾಸ್‌ವರ್ಡು ಕೇಂದ್ರ ಕಚೇರಿಯವರ ಹತ್ತಿರ. ಫೋನು ಮಾಡಿದೆ. ಕೊಳಲಿನ ಸಂಗೀತ ಕೇಳಿಸಿ, ತಾವು ಸರದಿಯಲ್ಲಿದ್ದೀರಿ ಎಂದು ಹೇಳಿ, ಮತ್ತೆ ಕೊಳಲೂದಿದರು. ನನಗೆ ಕೊಟ್ಟಿರುವ ಅಧಿಕಾರ ಎರಡೇ. ಸರ್ವರನ್ನು ಮತ್ತೆ ಶುರು ಮಾಡುವುದು, ಕೊಟ್ಟ ಅಡ್ರೆಸ್ಸುಗಳನ್ನು ಅಳಿಸುವುದು.

ಹಲ್ಲು ಕಚ್ಚಿ ನೂರನ್ನೂ ಅಳಿಸಿದೆ. ಪರದೆ ಖಾಲಿಯಾಯಿತು. ಉಸಿರು ಬಿಟ್ಟು ಮುಗಿಸುವುದರೊಳಗೆ ಒಂದು, ಹತ್ತು, ಐವತ್ತು ಎಂದು ಏರಿ ಮತ್ತೆ ನೂರು ತುಂಬಿತು. ಸಾಲದ್ದಕ್ಕೆ ನಮ್ಮ ಪರೀಕ್ಷಾ ಕಂಪ್ಯೂಟರುಗಳಿಗೆ ಹಟ ಜಾಸ್ತಿ. ಒಂದು ಸಲ ಕೇಳಿ ಇಲ್ಲ ಅನ್ನಿಸಿಕೊಂಡರೆ ಮತ್ತೆ ಕೇಳುವುದಕ್ಕೆ ಐದು ನಿಮಿಷ ಬಿಗುಮಾನದಿಂದ ಕಾಯುತ್ತವೆ. ಅಷ್ಟರಲ್ಲಿ ಬೇರೆ ಯಾರೋ ಬಂದು ಎಲ್ಲವನ್ನೂ ಬಾಚಿಕೊಂಡು ಹೋಗಿರುತ್ತಾರೆ. ಆದರೆ ಯಾರು ಆ ಯಾರೋ?

"ಬಂತಾ?"

"ಇಲ್ಲ ಸಾರ್."

ಹಾಲಿಗೆ ಬಂದು ಜನರನ್ನು ನೋಡಿದೆ. ಯಾರ ಕೈಯಲ್ಲೂ ಫೋನಿಲ್ಲ. ಪರೀಕ್ಷೆಗೆ ಬಂದವರು ಚೀಲ, ಫೋನು ಎಲ್ಲವನ್ನೂ ಗೋಡೆಯ ಪಕ್ಕದ ಬೀಗದ ಕಪಾಟುಗಳಲ್ಲಿ ಇಟ್ಟು ಬರಬೇಕೆಂಬುದು ನಿಯಮ. ಎಲ್ಲರೂ ಕೈಕಟ್ಟಿ, ಅದೇನೋ ಒಂದು ನಿಶ್ಚಿಂತೆಯಿಂದ ಕೂತಿದ್ದರು. ಪರೀಕ್ಷೆ ರದ್ದಾಗುವ ಹೊತ್ತು ಹತ್ತಿರ ಬರುತ್ತಿದ್ದರೂ ಒಬ್ಬರೂ ಗಲಾಟೆ ಮಾಡುತ್ತಿರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಅತ್ತೆಯಂತೂ ನನ್ನನ್ನು ಕಂಡು ಸಣ್ಣಗೆ ತಲೆಯಾಡಿಸಿ, ಎಲ್ಲ ನೋಡಿಕೊಂಡಿದ್ದೇನೆ ಎನ್ನುವ ಹಾಗೆ ಕಣ್ಣು ಮುಚ್ಚಿ ತೆರೆದರು.

ಆಗ ಕಾವಲುಗಾರ ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಕಪಾಟೊಳಗೆ ಯಾರೋ ಗಂಡಸು ಸಿಕ್ಕಾಕೊಂಡಿದಾರೆ."

"ಆ ಕಪಾಟು ಮೊಣಕಾಲುದ್ದ ಇಲ್ಲವಲ್ಲಪ್ಪ."

"ನಾನೂ ಅದೇ ಯೋಚ್ನೆ ಮಾಡ್ತಿದೀನಿ ಮೇಡಂ. ಆದ್ರೂ ಮಾತಾಡ್ತಿದಾರೆ."

ಹೋಗಿ ಕಿವಿಗೊಟ್ಟೆ. ಕೆಳಗಿನ ಸಾಲಿನ ಒಂದು ಕಪಾಟು ಧಡಧಡ ಅಲುಗಾಡುತ್ತಿತ್ತು. ಒಳಗಿನಿಂದ ನನ್ನ ಮಾವನವರ ದನಿ, ಅದೇ ಬೇಸರದ ರಾಗದಲ್ಲಿ, "ದಾರಿ ಬಿಡಿ, ದಾರಿ ಬಿಡಿ. ಸಿಕ್ಕಿಹಾಕ್ಕೊಂಡಿದೀನಿ, ಯಾರಾದ್ರೂ ಎತ್ತಿ" ಎನ್ನುತ್ತಿತ್ತು.

ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಮಾತ್ರ ಎಲ್ಲ ಒಂದೇ ಏಟಿಗೆ ಅರ್ಥವಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ನೆಲ ಗುಡಿಸುವ ಒಂದು ರೋಬೋ ಇದೆ. ದುಂಡಗೆ, ಚಪ್ಪಟೆಯಾಗಿ ಇರುವುದರಿಂದ ಅದನ್ನು ಆಮೆ ಎನ್ನುತ್ತೇವೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ತಾನಾಗಿಯೇ ಎದ್ದು ಮನೆ ಗುಡಿಸುತ್ತದೆ. ಅದಕ್ಕೆ ನನ್ನ ಗಂಡ ತಮಾಷೆಗೆಂದು ತನ್ನ ಅಪ್ಪನ ದನಿ ತುಂಬಿಸಿಟ್ಟಿದ್ದ. ಆಮೆಗೂ ವೈಫೈ ಬೇಕು, ವೈಫೈ ಸೇರಿದರೆ ಅದಕ್ಕೂ ಒಂದು ಅಡ್ರೆಸ್ಸು ಬೇಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾನು ಹುಡುಕುತ್ತಿದ್ದ ಕೂಸು ನಮ್ಮ ಮನೆಯದೇ ಆಗಿತ್ತು.

ಎದ್ದು ಅತ್ತೆಯ ಪಕ್ಕ ಹೋಗಿ ಕೂತೆ. ದನಿ ತಗ್ಗಿಸಿ ಕೇಳಿದೆ. "ಅತ್ತೆ, ಆಮೆ ಯಾಕೆ ತಂದ್ರಿ?"

"ಜಾಗ ಹಿಡಿಯೋಕೆ."

"ಏನು ಜಾಗ?"

"ನೀನೇ ಹೇಳಿದ್ಯಲ್ಲ, ಹೋದ ಸಲ ನನ್ನ ಕಂಪ್ಯೂಟರ್ ಕೈಕೊಟ್ಟಾಗ. ಅಡ್ರೆಸ್ಸು ಇರೋದೇ ನೂರು, ಮೊದಲು ಬಂದವರಿಗೆ ಸಿಗತ್ತೆ, ಸಿಕ್ಕಿದ್ಮೇಲೆ ದಿನವೆಲ್ಲ ಅವರದೇ ಅಂತ. ಅದಕ್ಕೆ ಈ ಸಲ ಬೆಳಿಗ್ಗೇನೇ ಬಂದು ಹಿಡಿದಿಟ್ಟೆ. ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ನಿಮ್ಮಾವನ ಹಳೇ ಫೋನು, ನಿನ್ನ ಗಂಡ ಬಿಸಾಕಿದ್ದ ಟ್ಯಾಬು, ವೈಫೈ ಇರೋ ತೂಕದ ಮೆಷಿನ್ನು, ಆಮೆ, ಎಲ್ಲ ತಂದೆ."

ಅತ್ತೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆದು ಬೆಳೆದವರು. ಡಾಕ್ಟರ ಶಾಪಿನಲ್ಲಿ ಕುರ್ಚಿಗೆ ಕೊಡೆ, ನಲ್ಲಿಯ ಮುಂದೆ ಕೊಡ, ಸಂಗೀತ ಕಚೇರಿಯಲ್ಲಿ ಎರಡು ಕುರ್ಚಿಗೆ ಒಂದು ಶಾಲು. ಆ ವಿದ್ಯೆಯನ್ನು ಅವರು ನೆಟ್‌ವರ್ಕಿಗೂ ತಂದಿದ್ದರು. ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

"ಮಿಕ್ಕವರು?" ಅಂದೆ, ಉತ್ತರ ಗೊತ್ತಿದ್ದೂ.

"ಹೋದ ಸಲ ನಿರಾಸೆ ಆಗಿ ಹೋದೋರೆಲ್ಲ ಸೇರಿ ಫೋನಲ್ಲಿ ಒಂದು ಗುಂಪು ಮಾಡ್ಕೊಂಡಿದ್ವಿ. ಅವರಿಗೂ ಹೇಳ್ದೆ. ಪಾಪ, ಅವರದೂ ಪರೀಕ್ಷೆ ಆಗ್ಬೇಕಲ್ವಾ. ತಾನೊಬ್ಬಳೇ ಬದುಕ್ಬೇಕು ಅನ್ನೋ ಬುದ್ಧಿ ನನಗಿಲ್ಲ."

ಕಪಾಟುಗಳ ಸಾಲನ್ನು ನೋಡಿದೆ. ಅವುಗಳ ಒಳಗೆ ಎಷ್ಟು ಮನೆಗಳ ಹಳೇ ಫೋನುಗಳು, ಮಾತಾಡುವ ಸ್ಪೀಕರುಗಳು, ಮಕ್ಕಳ ಕೈಗಡಿಯಾರಗಳು ಕತ್ತಲಲ್ಲಿ ಕೂತು ಅಡ್ರೆಸ್ಸು ಮೆಲ್ಲುತ್ತಿದ್ದವೋ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು ಸರಿ, ಕೂಸಿಗೆ ಮಲಗಲು ಜಾಗವಿಲ್ಲದಷ್ಟು ಕುಲಾವಿ ಹೊಲಿಸಿದ್ದರು.

ಅಷ್ಟರಲ್ಲಿ ಕಾವಲುಗಾರ ಸಾಹೇಬರನ್ನು ಕರೆತಂದಾಗಿತ್ತು. ಅವನು ತನ್ನ ಹತ್ತಿರವಿದ್ದ ಹೆಚ್ಚುವರಿ ಕೀಲಿಯಿಂದ ಕಪಾಟು ತೆಗೆದ. ಆಮೆ ಹೊರಗೆ ಬಿದ್ದು, "ದಾರಿ ಬಿಡಿ" ಎನ್ನುತ್ತಾ ಸಾಹೇಬರ ಬೂಟಿಗೆ ಡಿಕ್ಕಿ ಹೊಡೆಯಿತು.

"ಯಾರದಿದು?" ಸಾಹೇಬರು ಹಾಲಿನ ಕಡೆ ತಿರುಗಿದರು. "ಪರೀಕ್ಷೆಗೆ ಅಡ್ಡಿ ಮಾಡೋ ಸಾಮಾನು ತಂದವರ ಅರ್ಜಿ ಅಲ್ಲೇ ವಜಾ. ನಿಯಮ ಇದೆ."

ಅತ್ತೆಯ ಕೈ ನನ್ನ ಮೊಣಕೈಯನ್ನು ಹಿಡಿಯಿತು. ಆ ಹಿಡಿತದಲ್ಲಿ ತಂಗಿಯ ಮನೆಯ ಆ ಅರ್ಧ ಲೋಟ ಚಹಾಗಳೆಲ್ಲ ಇದ್ದವು. ನಾನು ಎದ್ದು ನಿಂತೆ.

"ನನ್ನದೇ ಸಾರ್. ಸರ್ವರ್ ರೂಮಲ್ಲಿ ಧೂಳು ಜಾಸ್ತಿ ಆಗಿದೆ ಅಂತ ಮನೆಯಿಂದ ತಂದೆ. ಧೂಳಿದ್ರೆ ಅಡ್ರೆಸ್ಸು ಬರಲ್ಲ."

ಬಾಯಿಂದ ಬಂದ ಮೇಲೆ ನನಗೇ ನಾಚಿಕೆಯಾಯಿತು. ಓದಿದ್ದೆಲ್ಲ ಹೊಳೆಗೆ ಹೋಗಲಿ ಎಂದು ಇಂಥ ಮಾತಾಡಬೇಕಾಯಿತು. ಸಾಹೇಬರು ಮಾತ್ರ ಗಂಭೀರವಾಗಿ ತಲೆದೂಗಿದರು.

"ನಾನು ಬೆಳಿಗ್ಗೆಯಿಂದ ಅದನ್ನೇ ಹೇಳೋಣ ಅಂತಿದ್ದೆ. ಧೂಳು. ಬಿಡು ಇದನ್ನ, ಗುಡಿಸ್ಲಿ."

ಆಮೆಯನ್ನು ಬಚ್ಚಲಿಗೆ ಬಿಟ್ಟೆವು. ಅದು ಬಕೆಟ್ಟನ್ನು ಸುತ್ತಿ, ಗೋಡೆಗೆ ಗುದ್ದಿ, ಮಾವನವರ ದನಿಯಲ್ಲಿ ಗೊಣಗುತ್ತಾ ಕೆಲಸಕ್ಕೆ ತೊಡಗಿತು. ಸಾಹೇಬರು ಪ್ಯಾಂಟು ಮೇಲಕ್ಕೆಳೆದುಕೊಂಡು ಅದರ ಹಿಂದೆ ಕುಕ್ಕರುಗಾಲಲ್ಲಿ ಸಾಗಿದರು. ಅಷ್ಟು ಹೊತ್ತು ಅವರು ನನ್ನ ಕತ್ತಿನ ಹಿಂದೆ ಇರುವುದಿಲ್ಲ ಎನ್ನುವುದೇ ದೊಡ್ಡ ಲಾಭ.

ಹಾಲಿಗೆ ಓಡಿ ಬಂದು ಎಲ್ಲರಿಗೂ ಹೇಳಿದೆ. "ನೋಡಿ, ನೀವು ಹಿಡಿದಿರೋ ಜಾಗ ನಿಮ್ಮ ಫೋನಿಗೆ ಮಾತ್ರ. ಅದನ್ನ ಎತ್ತಿ ಪರೀಕ್ಷೆ ಕಂಪ್ಯೂಟರಿಗೆ ಕೊಡೋಕೆ ಆಗಲ್ಲ. ಎಲ್ಲ ಆರಿಸಿ. ಆರಿಸಿದ್ರೆ ಮಾತ್ರ ಕಂಪ್ಯೂಟರಿಗೆ ಸಿಗತ್ತೆ."

ಒಬ್ಬರೂ ಅಲುಗಾಡಲಿಲ್ಲ.

"ಮೊದಲು ಆ ಕೊನೇ ಬೆಂಚಿನೋರು ಆರಿಸ್ಲಿ" ಅಂದ ಪರೀಕ್ಷೆಗೆ ಬಂದಿದ್ದ ಬೇಕರಿಯವನೊಬ್ಬ.

"ನಾವ್ಯಾಕೆ? ನಾವು ಬೆಳಕು ಹರಿಯೋಕೆ ಮುಂಚೆ ಬಂದಿದೀವಿ" ಅಂದರು ಕೊನೆಯ ಬೆಂಚಿನ ನಿವೃತ್ತ ಮೇಷ್ಟ್ರು. "ಜಾಗ ಬಿಟ್ಟು ಎದ್ದೋರು ಯಾರಾದ್ರೂ ಮತ್ತೆ ಕೂತಿದ್ದು ಉಂಟಾ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಗಡಿಯಾರದ ಮುಳ್ಳು ಹನ್ನೆರಡರ ಕಡೆ ನಡೆದಿತ್ತು. ನಾನು ಅತ್ತೆಯ ಮುಂದೆ ಕುಕ್ಕರಿಸಿದೆ.

"ಅತ್ತೆ, ನೀವಾದ್ರೂ ಆರಿಸಿ."

ಅತ್ತೆ ಕಪಾಟಿನ ಕೀಲಿಯನ್ನು ಸೆರಗಿನ ತುದಿಗೆ ಸುತ್ತಿಕೊಂಡರು. "ನೀನು ಹೇಳಿದ ಮಾತು ನಂಬಿ ತಾನೆ ಇಷ್ಟೆಲ್ಲ ಹೊತ್ಕೊಂಡು ಬಂದೆ? ಈಗ ಬಿಡು ಅಂತೀಯ. ಬಿಟ್ಟು, ಆಮೇಲೆ ಸಿಗ್ಲಿಲ್ಲ ಅಂದ್ರೆ? ನಾನು ಇರೋವರೆಗೂ ಪಕ್ಕದ ಸೀಟೇ ಕಣೇ. ಯಾರೋ ಎಬ್ಬಿಸಿದಾಗ ಏಳ್ಬೇಕು, ಯಾರೋ ಕರೆದಾಗ ಹೊರಡ್ಬೇಕು."

"ಗೊತ್ತು ಅತ್ತೆ."

"ಗೊತ್ತಿದ್ದೂ ಬಿಡು ಅಂತೀಯಾ?"

"ಬಿಡಿ ಅಂತೀನಿ."

ಸರ್ವರು ಈಗಲೂ ಕೈಕೊಟ್ಟರೆ ನಾನು ಈ ಹೆಂಗಸಿನ ಮುಖವನ್ನು ದಿನಾ ಅಡುಗೆಮನೆಯಲ್ಲಿ ನೋಡಬೇಕು. ಕೆಲಸ ಹೋದರೂ ಅಷ್ಟು ಹೆದರುತ್ತಿರಲಿಲ್ಲ.

ಅತ್ತೆ ಎದ್ದರು. ಕಪಾಟಿನ ಹತ್ತಿರ ಹೋಗಿ ಚೀಲ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಫೋನು, ಟ್ಯಾಬು, ತೂಕದ ಯಂತ್ರ ಒಂದೊಂದನ್ನೇ ಆರಿಸಿ ನೆಲದ ಮೇಲೆ ಸಾಲಾಗಿ ಇಟ್ಟರು. ಆಮೇಲೆ ತಿರುಗಿ, "ಹಿಡಿಯಿರಿ ಅಂದೋಳು ನಾನು. ಬಿಡಿ ಅಂತಾನೂ ನಾನೇ ಹೇಳ್ತಿದೀನಿ. ಏಳಿ ಮೇಷ್ಟ್ರೇ" ಅಂದರು.

ಮೇಷ್ಟ್ರು ಎದ್ದರು. ಬೇಕರಿಯವನು ಎದ್ದ. ಕಪಾಟುಗಳು ಪಟಪಟ ತೆರೆದುಕೊಂಡವು. ಒಬ್ಬ ಹೆಂಗಸಿನ ಚೀಲದಿಂದ ನಿಸ್ತಂತು ಡೋರ್‌ಬೆಲ್ಲೇ ಹೊರಬಂತು. ಅದನ್ನು ಗೋಡೆಯಿಂದ ಕಿತ್ತು ತಂದಿದ್ದಳು, ಸ್ಕ್ರೂಗಳು ಇನ್ನೂ ನೇತಾಡುತ್ತಿದ್ದವು.

ಬಚ್ಚಲಿಗೆ ನುಗ್ಗಿ, ಸಾಹೇಬರನ್ನೂ ಆಮೆಯನ್ನೂ ದಾಟಿ, ನೂರು ಅಡ್ರೆಸ್ಸನ್ನೂ ಅಳಿಸಿದೆ. ಪರದೆ ಖಾಲಿಯಾಯಿತು. ಈ ಸಲ ಆಮೆಯದೊಂದು ಬಿಟ್ಟರೆ ಖಾಲಿಯಾಗಿಯೇ ಉಳಿಯಿತು. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಗೊತ್ತಾಗಲಿಲ್ಲ. ಕಂಪ್ಯೂಟರುಗಳ ಬಿಗುಮಾನ ಇಳಿಯುವವರೆಗೆ ಕಾಯಬೇಕಿತ್ತು. ಕಾದೆ. ಉಗುರು ಕಚ್ಚಿದೆ. ಕೇಂದ್ರ ಕಚೇರಿಯವರ ಕೊಳಲು ನನ್ನ ಫೋನಿನಲ್ಲಿ ಇನ್ನೂ ಊದುತ್ತಲೇ ಇತ್ತು.

"ಬಂತಾ?" ಅಂದರು ಸಾಹೇಬರು ನೆಲದ ಮೇಲಿನಿಂದ.

ಒಂದು ಬಂತು. ಆಮೇಲೆ ಎರಡು, ಆಮೇಲೆ ದಬದಬ ಎಂದು ಒಂದರ ಹಿಂದೆ ಒಂದು. ಪರೀಕ್ಷಾ ಕೋಣೆಯಲ್ಲಿ ಊದಿದ ಮುಖಗಳೆಲ್ಲ ತಿಳಿಯಾಗಿ ಪ್ರಶ್ನೆಪತ್ರಿಕೆ ತೆರೆದುಕೊಂಡವು.

"ಬಂತು ಸಾರ್."

"ನೋಡಿದ್ಯಾ, ಧೂಳು" ಅಂದರು ಅವರು. "ಈ ಯಂತ್ರ ಇಲ್ಲೇ ಇರ್ಲಿ, ಏನು?"

ಅತ್ತೆ ಪಾಸಾದರು. ಎಷ್ಟು ಅಂಕ ಬಂತು ಎಂದು ಯಾರು ಕೇಳಿದರೂ, ಬೇಕಾದಷ್ಟು ಬಂತು ಎನ್ನುತ್ತಾರೆ. ಮಾವನವರು ಮಾತಿಗೆ ತಪ್ಪುವವರಲ್ಲ. ಬೀಗದ ಕೈಯನ್ನು ಊಟದ ಮೇಜಿನ ಮೇಲಿಟ್ಟರು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಒಬ್ಬರು ಇರಬೇಕೆಂಬುದು ಕಾನೂನು. ತಾವೇ ಬರುತ್ತೇನೆ ಎಂದು ಅವರು ಬಾಯಿ ತೆರೆಯುವ ಮೊದಲೇ, "ಸೊಸೆ ಇದಾಳಲ್ಲ, ಅವಳಿಗೂ ಲೈಸೆನ್ಸ್ ಇದೆ" ಅಂದರು ಅತ್ತೆ.

ಕಲಿಯಲು ಶುರು ಮಾಡಿ, ಗೇಟಿಗೆ ಎರಡು ಸಲ ಉಜ್ಜಿ, ಧೈರ್ಯ ಬಂದ ಮೇಲೆ ಒಂದು ಭಾನುವಾರ ನಾವಿಬ್ಬರೂ ಅವರ ತಂಗಿಯ ಮನೆಗೆ ಹೊರಟೆವು. ದಾರಿಯಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಏನಾದರೂ ತೊಂದರೆಯಾ ಎಂದು ಕೇಳಿ ಹೋದ. ಅತ್ತೆ ಸ್ಟೇರಿಂಗಿನಿಂದ ಕೈ ತೆಗೆಯದೆ ಇಲ್ಲಪ್ಪ ಅಂದರು.

ಅಕ್ಕತಂಗಿಯರು ಕೂತರು. ಚಹಾ ಬಂತು, ಮುಗಿಯಿತು, ಮತ್ತೆ ಬಂತು. ಹೆರಿಗೆಯ ಕಥೆ ಮೊದಲಿನಿಂದ ಶುರುವಾಯಿತು, ಈ ಸಲ ಡಾಕ್ಟರು ಏನಂದರು, ನರ್ಸು ಏನಂದಳು ಎಲ್ಲ ಸೇರಿಸಿ. ನಾನು ಒಂದು ಮೂಲೆಯಲ್ಲಿ ತೂಕಡಿಸಿದೆ. ಎದ್ದು ನೋಡಿದಾಗ ಹೊರಗೆ ಬಿಸಿಲು ಇಳಿದಿತ್ತು, ಮಗು ಇನ್ನೂ ಹುಟ್ಟಿರಲಿಲ್ಲ.

ಅತ್ತೆಯ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ಮಾವನವರ ದನಿ ಕೇಳಿಸಿತು. "ಆಮೆ ಆಫೀಸಲ್ಲೇ ಉಳೀತಲ್ಲ, ನಾನೇ ಮನೆ ಎಲ್ಲ ಗುಡಿಸಿ ಆಯ್ತು. ಯಾವಾಗ ಹೊರಡ್ತೀರಿ?"

ಅತ್ತೆ ತಂಗಿಯ ಮುಖ ನೋಡಿದರು. ಸೋಫಾದ ಮೇಲೆ ಕಾಲು ಮೇಲೆತ್ತಿ ಮಡಚಿ ಕೂತರು. ಮದುವೆಯಾದಂದಿನಿಂದ ಹೇಳಲು ಸಿಗದಿದ್ದ ಒಂದು ಮಾತನ್ನು ನಿಧಾನವಾಗಿ, ಪೂರ್ತಿ ಸವಿದು ಹೇಳಿದರು.

"ಗೊತ್ತಿಲ್ಲ ರೀ."